ಮೊಣಕೈ, ತಂತಿ, ಬೋಲ್ಟು: ಹೀಗೆಲ್ಲ ನುಡಿಸಿದ ಪಿಯಾನೋವನ್ನು ಹೇಗೆ ಕೇಳುವುದು?

ಮಂದ್ರ:
ಪಿಯಾನೋ ಕಲಿಯುವ ನಮ್ಮ ಗುಂಪಿನಲ್ಲಿ ಅಮೆರಿಕದ ಸಂಗೀತಕಾರ ಹೆನ್ರಿ ಕೌವೆಲ್ ಅವರ ‘ದ ಬ್ಯಾನ್ಶೀ’ ಹಾಕಿದ್ದೇ ತಡ, ಜಗಳ ಶುರುವಾಯಿತು. 1925ರ ಕೃತಿ ಅದು. ನುಡಿಸುವವರು ಕೀಲಿಮಣೆಯ ಮುಂದೆ ಕೂರುವುದೇ ಇಲ್ಲ. ಗ್ರ್ಯಾಂಡ್ ಪಿಯಾನೋದ ಪಕ್ಕದಲ್ಲಿ ನಿಂತು, ಒಳಗೆ ಬಾಗಿ, ತಂತಿಗಳ ಉದ್ದಕ್ಕೂ ಉಗುರು, ಬೆರಳ ತುದಿ, ಅಂಗೈ ಎಳೆಯುತ್ತಾರೆ. ಇನ್ನೊಬ್ಬರು ಕುರ್ಚಿಯಲ್ಲಿ ಕೂತು, ದನಿ ಅಡಗದಂತೆ ಬಲಗಡೆ ಪೆಡಲ್ ಒತ್ತಿ ಹಿಡಿದಿರುತ್ತಾರೆ, ಅಷ್ಟೇ. ಬರುವ ದನಿ ಊಳಿಡುವ ಗಾಳಿಯ ಹಾಗಿದೆ. ನನಗೆ ರೋಮಾಂಚನವಾಯಿತು. ಗುಂಪಿನ ಅರ್ಧ ಜನ ಮಾತ್ರ ‘ಇದು ವಾದ್ಯ ಹಾಳುಮಾಡುವ ಕೆಲಸ’ ಎಂದರು. ಒಬ್ಬರಂತೂ ‘ನುಡಿಸಲು ಬಾರದವರು ಹೀಗೆ ಮಾಡುತ್ತಾರೆ’ ಎಂದುಬಿಟ್ಟರು.

ನನ್ನ ಪ್ರಶ್ನೆ ಇಷ್ಟು: ಮೊಣಕೈ, ಮುಷ್ಟಿ, ತಂತಿ ಮೀಟುವುದು, ತಂತಿಗಳ ನಡುವೆ ಬೋಲ್ಟು ಸಿಕ್ಕಿಸುವುದು, ಇವುಗಳಲ್ಲಿ ಯಾವುದು ಸಂಗೀತ, ಯಾವುದು ಬರೀ ಪ್ರದರ್ಶನ ಎಂದು ನೀವು ಹೇಗೆ ಗುರುತಿಸುತ್ತೀರಿ? ಬಲ್ಲವರು ಬಿಡಿಸಿ ಹೇಳಿ.

ಹಳೆಪಾಠ:
ಮಂದ್ರ ಅವರೇ, ನಾನು ಆ ಅರ್ಧ ಜನರ ಕಡೆ. ಒಂದೊಂದು ಬೆರಳಿಗೂ ಬೇರೆ ಬೇರೆ ಭಾರ ಕೊಡುವುದನ್ನು ಕಲಿಯಲು ವರ್ಷಗಳು ಬೇಕು. ಒಂದೇ ಕೈಯಲ್ಲಿ ಮೇಲಿನ ಸ್ವರ ಹಾಡಬೇಕು, ಕೆಳಗಿನದು ಪಿಸುಗುಟ್ಟಬೇಕು. ಮುಂಗೈ ಇಟ್ಟು ಒತ್ತಿದರೆ ಆ ವ್ಯತ್ಯಾಸವೆಲ್ಲ ಎಲ್ಲಿಗೆ ಹೋಯಿತು? ಸುತ್ತಿಗೆ ತಂತಿಗೆ ತಾಗಿ ತಕ್ಷಣ ಹಿಂದೆ ಸರಿಯಲೆಂದೇ 1700ರ ಆಸುಪಾಸಿನಲ್ಲಿ ಕ್ರಿಸ್ಟೊಫೋರಿ ಅಷ್ಟು ಸೂಕ್ಷ್ಮವಾದ ಯಂತ್ರ ಕಟ್ಟಿದ್ದು. ಅದನ್ನು ಬಿಟ್ಟು ನೇರ ತಂತಿಗೆ ಕೈ ಹಾಕುವುದಾದರೆ ಹಾರ್ಪ್ ನುಡಿಸಬಹುದಲ್ಲ?

ಕೋಪದಿಂದ ಹೇಳುತ್ತಿಲ್ಲ. ವಾದ್ಯದ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದೇನೆ.

ಪುಟತಿರುವು:
ಹಳೆಪಾಠ ಅವರೇ, ನಿಮ್ಮ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ನಾವು ಇಂದು ‘ಸರಿಯಾದ ಪದ್ಧತಿ’ ಎನ್ನುವುದರಲ್ಲಿ ಬಹುಪಾಲು ಒಂದು ಕಾಲಕ್ಕೆ ಯಾರೋ ಹುಬ್ಬೇರಿಸಿದ ಸಂಗತಿಯೇ.

ಹೆಬ್ಬೆರಳನ್ನೇ ತೆಗೆದುಕೊಳ್ಳಿ. ಬಾಖ್ ಅವರ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1753ರಲ್ಲಿ ಕೀಲಿವಾದ್ಯಗಳ ಬಗ್ಗೆ ಒಂದು ಗ್ರಂಥ ಬರೆದರು. ತನ್ನ ತಂದೆ ಚಿಕ್ಕವರಿದ್ದಾಗ ದೊಡ್ಡ ದೊಡ್ಡ ವಾದಕರು ಹೆಬ್ಬೆರಳನ್ನು ತೀರಾ ಅಗಲವಾದ ಅಂತರಗಳಿಗೆ ಮಾತ್ರ ಬಳಸುತ್ತಿದ್ದರು ಎಂದು ಅದರಲ್ಲಿ ದಾಖಲಿಸಿದ್ದಾರೆ. ಮುಂದೆ ಹೆಬ್ಬೆರಳಿಗೆ ಜಾಗ ಸಿಕ್ಕಿತು, ಆದರೆ ಕಪ್ಪು ಕೀ ಮೇಲೆ ಅದನ್ನು ಇಡಬಾರದು ಎಂಬ ನಿಯಮ ಬಂತು. ಶೋಪ್ಯಾಂ ಅದನ್ನೂ ಮುರಿದರು. ಸಭಿಕರಿಗೆ ಬಲಗಡೆಯ ಪಕ್ಕ ತೋರಿಸಿ ಕೂರುವುದನ್ನು ರೂಢಿಗೆ ತಂದವರು ಡುಸೆಕ್ ಎನ್ನುತ್ತಾರೆ. ಪುಸ್ತಕ ಮುಂದಿಡದೆ ಬಾಯಿಪಾಠದಿಂದ ನುಡಿಸಿದ್ದಕ್ಕೆ ಕ್ಲಾರಾ ಶೂಮನ್ ಅವರನ್ನು ಅಹಂಕಾರಿ ಎಂದವರಿದ್ದರು. ಇಂದು ಪುಸ್ತಕ ಇಟ್ಟುಕೊಂಡರೆ ಮೂಗು ಮುರಿಯುತ್ತೇವೆ!

ಅಂಗೈ, ಮುಂಗೈಯಿಂದ ಬಾರಿಸುವುದೂ ಇಪ್ಪತ್ತನೆಯ ಶತಮಾನದ ಆವಿಷ್ಕಾರವಲ್ಲ. ಫ್ರಾನ್ಸಿನ ಮಿಶೆಲ್ ಕೊರೆಟ್ 1779ರಲ್ಲಿ ಕೀಲಿವಾದ್ಯಕ್ಕೆ ಒಂದು ನೌಕಾಯುದ್ಧದ ಕೃತಿ ಬರೆದರು. ಅದರಲ್ಲಿ ಫಿರಂಗಿ ಸಿಡಿಯುವಲ್ಲಿ ಕೆಳಗಿನ ಕೀಗಳನ್ನು ಅಂಗೈಯಿಂದಲೇ ಬಾರಿಸಬೇಕು.

ಇನ್ನು ‘ವ್ಯತ್ಯಾಸ ಎಲ್ಲಿಗೆ ಹೋಯಿತು’ ಎಂದಿರಿ. ಚಾರ್ಲ್ಸ್ ಐವ್ಸ್ ಅವರ ‘ಕಾಂಕರ್ಡ್ ಸೊನಾಟಾ’ದ ಎರಡನೆಯ ಭಾಗ ನೋಡಿ. ಹದಿನಾಲ್ಕು ಮುಕ್ಕಾಲು ಅಂಗುಲ ಉದ್ದದ ಮರದ ಪಟ್ಟಿಯನ್ನು ಕೀಗಳ ಮೇಲಿಟ್ಟು ಒತ್ತಬೇಕು ಎಂದು ಬರೆದಿದ್ದಾರೆ. ಪಟ್ಟಿ ಎಂದೊಡನೆ ನಾವು ಗದ್ದಲ ಊಹಿಸಿಕೊಳ್ಳುತ್ತೇವೆ. ಅಲ್ಲಿ ಅದನ್ನು ಮೆತ್ತಗೆ ಒತ್ತಬೇಕು. ದೂರದ ಮಂಜಿನಂತೆ ಒಂದು ಮಬ್ಬು ದನಿ ಏಳುತ್ತದೆ. ಅಷ್ಟು ಕೀಗಳನ್ನು ಒಂದೇ ಸಮಕ್ಕೆ, ಒಂದೂ ಎದ್ದು ಕೇಳದಂತೆ ಇಳಿಸಲು ಪ್ರಯತ್ನಿಸಿ ನೋಡಿ. ಅದೂ ಒಂದು ಸಾಧನೆಯೇ.

ಶ್ರುತಿಕೀಲಿ:
ನಾನು ಪಿಯಾನೋ ಟ್ಯೂನಿಂಗ್ ಮಾಡುವವನು. ‘ವಾದ್ಯ ಹಾಳಾಗುತ್ತದೆ’ ಎಂಬ ಮಾತಿಗೆ ಕೆಲಸದ ಕಡೆಯಿಂದ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಎರಡೂ ಕಡೆಯವರು ಅತಿ ಮಾಡುತ್ತಾರೆ.

ಮೊದಲು ಮುಂಗೈ, ಮುಷ್ಟಿ. ದೊಡ್ಡ ಪಿಯಾನೋದಲ್ಲಿ ಸುಮಾರು 230 ತಂತಿಗಳಿರುತ್ತವೆ, ಒಟ್ಟು ಎಳೆತ 20 ಟನ್ ಆಸುಪಾಸು. ಅದನ್ನು ಹೊತ್ತಿರುವುದು ಎರಕದ ಕಬ್ಬಿಣದ ಚೌಕಟ್ಟು. ಕೀಗಳ ಮೇಲೆ ಮುಂಗೈ ಇಟ್ಟು ಒತ್ತಿದರೆ ಅದಕ್ಕೆ ಏನೂ ಆಗುವುದಿಲ್ಲ. ಮೇಲಿನಿಂದ ಮುಷ್ಟಿ ಬೀಸಿ ಗುದ್ದಿದರೆ ಮಾತ್ರ ಸುತ್ತಿಗೆಯ ಕಡ್ಡಿ ಮುರಿಯಬಹುದು, ತಂತಿ ಹರಿಯಬಹುದು. ಆದರೆ ಅಷ್ಟೇ ಜೋರಾಗಿ ‘ಸರಿಯಾದ’ ಬೆರಳಿನಿಂದ ಗುದ್ದಿದರೂ ಅದೇ ಆಗುತ್ತದೆ. ಭಾರೀ ಕಾಂಚೆರ್ಟೋಗಳನ್ನು (ವಾದ್ಯವೃಂದದ ಜೊತೆ ನುಡಿಸುವ ಕೃತಿಗಳನ್ನು) ಅಭ್ಯಾಸ ಮಾಡುವವರ ಪಿಯಾನೋಗಳಲ್ಲಿ ಹರಿದ ತಂತಿ ನಮಗೆ ಹೊಸದಲ್ಲ.

ಎರಡನೆಯದು ತಂತಿ ಮುಟ್ಟುವುದು. ಬೆವರು ಇಲ್ಲಿ ನಿಜವಾದ ಶತ್ರು. ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಮಂದ್ರದ ತಂತಿಗಳ ಮೇಲೆ ಸುತ್ತಿರುವ ತಾಮ್ರ ಕಪ್ಪಾಗಿ, ದನಿ ಮಂಕಾಗುತ್ತದೆ. ಕೈ ತೊಳೆದು ಒರೆಸಿಕೊಂಡು, ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಬಹಳ ಮಟ್ಟಿಗೆ ಪಾರು. ತಾಮ್ರದ ಸುತ್ತಿನ ಮೇಲೆ ಲೋಹ ಉಜ್ಜಬೇಡಿ.

ಮೂರನೆಯದನ್ನು ಯಾರೂ ಹೇಳುವುದಿಲ್ಲ: ಡ್ಯಾಂಪರ್, ಅಂದರೆ ಕೀ ಬಿಟ್ಟೊಡನೆ ತಂತಿಯ ಮೇಲೆ ಕೂತು ದನಿ ನಿಲ್ಲಿಸುವ ಮೆತ್ತೆ. ತಂತಿ ಮೀಟುವ ಹುರುಪಿನಲ್ಲಿ ಮೊಣಕೈ ಡ್ಯಾಂಪರ್ ಸಾಲಿಗೆ ತಾಗಿ, ಒಂದು ತುಸು ಓರೆಯಾದರೂ ಆ ಸ್ವರ ನಿಲ್ಲದೆ ಗುಂಯ್ ಎನ್ನುತ್ತಲೇ ಇರುತ್ತದೆ. ನನ್ನನ್ನು ಕರೆಸುವುದು ಹೆಚ್ಚಾಗಿ ಈ ಕಾರಣಕ್ಕೇ, ಬೋಲ್ಟಿನ ಕಾರಣಕ್ಕಲ್ಲ.

ತಾರಕ:
ಇಷ್ಟು ಗಂಭೀರ ಮಾತಿನ ನಡುವೆ ರಾಕ್ ಅಂಡ್ ರೋಲ್‌ನ ಜೆರ್ರಿ ಲೀ ಲೂಯಿಸ್ ಮರೆತೇಹೋದರಲ್ಲ! ಕುರ್ಚಿ ಒದ್ದು, ನಿಂತುಕೊಂಡು, ಹಿಮ್ಮಡಿಯಿಂದ ಕೀ ಕುಟ್ಟಿದವರು. ಅದು ಶುದ್ಧ ಪ್ರದರ್ಶನವೇ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಕಣ್ಣು ಮುಚ್ಚಿ ಅವರ ಎಡಗೈ ಕೇಳಿ. ಕಾಲು ಎಲ್ಲಿದ್ದರೂ ಲಯ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಮಂದ್ರ ಅವರ ಪ್ರಶ್ನೆಗೆ ನನ್ನ ಅಳತೆಗೋಲು ಇದೇ. ಕಣ್ಣು ಮುಚ್ಚಿದ ಮೇಲೂ ಕಿವಿಗೆ ಏನಾದರೂ ಉಳಿಯಬೇಕು.

ಹಳೆಪಾಠ:
ಶ್ರುತಿಕೀಲಿ ಅವರೇ, ಡ್ಯಾಂಪರ್ ವಿಷಯ ತಿಳಿಸಿದ್ದಕ್ಕೆ ವಂದನೆ. ಪುಟತಿರುವು ಅವರು ಹೇಳಿದ ಐವ್ಸ್ ಭಾಗವನ್ನು ಹುಡುಕಿ ಕೇಳಿದೆ. ಅಷ್ಟು ಮೆತ್ತಗಿರುತ್ತದೆ ಎಂದು ಎಣಿಸಿರಲಿಲ್ಲ. ಅಷ್ಟಕ್ಕೆ ಒಪ್ಪಿಗೆ.

ಆದರೆ ತಾರಕ ಅವರ ಅಳತೆಗೋಲನ್ನೇ ಹಿಡಿದು ಕೇಳುತ್ತೇನೆ. 1968ರಲ್ಲಿ ಅನಿಯಾ ಲಾಕ್‌ವುಡ್ ಲಂಡನ್ನಿನಲ್ಲಿ ಪಿಯಾನೋಗೆ ಬೆಂಕಿ ಹಚ್ಚಿದರು. 1973ರಲ್ಲಿ ಜಪಾನಿನ ಯೋಸುಕೆ ಯಾಮಾಶಿತಾ ಉರಿಯುವ ಪಿಯಾನೋ ನುಡಿಸಿದರು. 2008ರಲ್ಲಿ ಅಗ್ನಿಶಾಮಕರ ದಿರಿಸು ತೊಟ್ಟು ಕಡಲತೀರದಲ್ಲಿ ಮತ್ತೆ ಅದನ್ನೇ ಮಾಡಿದರು. ಇದರಲ್ಲಿ ಕಿವಿಗೆ ಏನು ಉಳಿಯಿತು? ಒಬ್ಬ ಕುಶಲಿಯ ಕೈಕೆಲಸ ಬೂದಿಯಾಯಿತು. ಇದನ್ನು ಒಪ್ಪಲು ನನ್ನಿಂದಾಗದು.

ಪುಟತಿರುವು:
ಬೆಂಕಿಯ ಬಗ್ಗೆ ನನಗೂ ಕಸಿವಿಸಿ ಇದೆ. ಲಾಕ್‌ವುಡ್ ಅವರ ಪರವಾಗಿ ಒಂದು ಮಾತು: ರಿಪೇರಿಗೆ ಮೀರಿದ ಪಿಯಾನೋವನ್ನು ಮಾತ್ರ ಬಳಸಬೇಕು ಎಂಬುದು ಆ ಕೃತಿಯ ನಿಬಂಧನೆ. ಬಿಸಿಗೆ ತಂತಿಗಳು ಒಂದೊಂದಾಗಿ ಬಿಟ್ಟುಕೊಳ್ಳುವ ಸದ್ದನ್ನು ಕೇಳುವುದು ಅವರ ಉದ್ದೇಶವಾಗಿತ್ತು. ಯಾಮಾಶಿತಾ ಕೂಡ ತಂತಿ ಸಾಯುವವರೆಗೆ ನುಡಿಸುತ್ತಲೇ ಇದ್ದರು. ಆದರೂ ನನಗೆ ಅದು ಒಂದು ಸಲ ನೋಡಿ ಮುಗಿಯುವ ಸಂಗತಿ. ‘ಬ್ಯಾನ್ಶೀ’ ಹಾಗಲ್ಲ, ಪ್ರತಿ ಸಲ ಹೊಸದಾಗಿ ಕೇಳುತ್ತದೆ.

ಎಡಗೈ:
ಈ ಚರ್ಚೆ ಓದುತ್ತಾ ಒಂದು ಬೇಸರವಾಯಿತು. ‘ವಿಚಿತ್ರವಾಗಿ ನುಡಿಸುವುದು’ ಎಂದರೆ ಎಲ್ಲರಿಗೂ ಬೇಕೆಂದೇ ಮಾಡುವವರು ನೆನಪಾಗುತ್ತಾರೆ. ಬೇರೆ ದಾರಿ ಇಲ್ಲದೆ ಹೊಸ ದಾರಿ ಕಂಡುಕೊಂಡವರೂ ಇದ್ದಾರೆ.

ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನ್ ಎಡಗೈಗಾಗಿಯೇ ಕೃತಿಗಳನ್ನು ಬರೆಸಿದರು. ರವೆಲ್ ಅವರ ‘ಎಡಗೈ ಕಾಂಚೆರ್ಟೋ’ 1932ರ ಜನವರಿ 5ರಂದು ವಿಯೆನ್ನಾದಲ್ಲಿ ಮೊದಲ ಬಾರಿ ನುಡಿಸಲ್ಪಟ್ಟಿತು. ಕಣ್ಣು ಮುಚ್ಚಿ ಕೇಳಿದರೆ ಒಂದೇ ಕೈ ಎಂದು ನಂಬಲಾಗುವುದಿಲ್ಲ. ಗುಟ್ಟು ಇರುವುದು ಹೆಬ್ಬೆರಳಿನಲ್ಲಿ. ಎಡಗೈಯಲ್ಲಿ ಹೆಬ್ಬೆರಳು ಮೇಲಿನ ಸ್ವರದ ಕಡೆ ಇರುತ್ತದೆ, ಅದು ಕೈಯ ಅತ್ಯಂತ ಗಟ್ಟಿ ಬೆರಳು. ಹಾಗಾಗಿ ರಾಗ ಅದರ ಪಾಲಿಗೆ. ಕಿರುಬೆರಳು ತಳದ ಸ್ವರ ಒತ್ತಿ, ಪೆಡಲ್ ಅದನ್ನು ಹಿಡಿದಿಟ್ಟುಕೊಳ್ಳುವಷ್ಟರಲ್ಲಿ ಕೈ ಮೇಲೆ ಹಾರಿರಬೇಕು. ಪೆಡಲ್ ಎತ್ತುವುದು ಒಂದು ಕ್ಷಣ ಮುಂಚೆಯಾದರೆ ತಳ ಕುಸಿಯುತ್ತದೆ, ತಡವಾದರೆ ಎಲ್ಲ ಕಲಸಿಹೋಗುತ್ತದೆ. ಬಲ ಭುಜದ ನೋವಿನಿಂದಾಗಿ ಎಡಗೈ ಕೃತಿಗಳಿಗೆ ಬಂದವಳು ನಾನು. ಕಾಲು ಇಷ್ಟು ಸೂಕ್ಷ್ಮವಾಗಿ ಕೇಳಿಸಿಕೊಳ್ಳಬಲ್ಲದು ಎಂದು ನನಗೆ ಗೊತ್ತಾದದ್ದೇ ಆಗ.

ಹುಟ್ಟಿನಿಂದಲೇ ಬಲಗೈ ಇಲ್ಲದ ನಿಕೋಲಸ್ ಮಕಾರ್ಥಿ 2012ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಿಂದ ಪದವಿ ಪಡೆದರು. ಒಂದೇ ಕೈಯ ಪಿಯಾನೋ ವಾದಕರೊಬ್ಬರು ಅಲ್ಲಿ ಪದವಿ ಪಡೆದದ್ದು ಅದೇ ಮೊದಲು. ಚೀನಾದ ಲ್ಯೂ ವೇ ಹತ್ತನೆಯ ವಯಸ್ಸಿನಲ್ಲಿ ವಿದ್ಯುತ್ ಆಘಾತದಿಂದ ಎರಡೂ ತೋಳು ಕಳೆದುಕೊಂಡು, ಕಾಲ್ಬೆರಳಿನಿಂದ ಪಿಯಾನೋ ಕಲಿತು, 2010ರಲ್ಲಿ ‘ಚೈನಾಸ್ ಗಾಟ್ ಟ್ಯಾಲೆಂಟ್’ ಗೆದ್ದರು. ಇಂಥವರನ್ನು ಕೇಳಿ ‘ಅಯ್ಯೋ ಪಾಪ, ಎಷ್ಟು ಚೆನ್ನಾಗಿ ನುಡಿಸುತ್ತಾರೆ’ ಎನ್ನುವವರಿಗೆ ನನ್ನದೊಂದು ಕೋರಿಕೆ. ಆ ‘ಪಾಪ’ ಬಿಡಿ. ಸ್ವರ ಎಲ್ಲಿ ತೂಗಿತು, ಎಲ್ಲಿ ಅವಸರವಾಯಿತು ಎಂದು ಹೇಳಿ. ಬೇರೆ ಯಾರಿಗೆ ಹೇಳುತ್ತೀರೋ ಹಾಗೆಯೇ.

ಮಂದ್ರ:
ಎಡಗೈ ಅವರೇ, ಇದನ್ನು ಬರೆದದ್ದಕ್ಕೆ ತುಂಬ ಕೃತಜ್ಞತೆ. ನನ್ನ ಪ್ರಶ್ನೆಯ ವ್ಯಾಪ್ತಿಯೇ ಹಿಗ್ಗಿತು.

ಬೋಲ್ಟು ಸಿಕ್ಕಿಸುವ ಪಿಯಾನೋ ಬಗ್ಗೆ ಯಾರಾದರೂ ಅನುಭವದಿಂದ ಹೇಳುತ್ತೀರಾ?

ತಂತಿಮನೆ:
ಹೇಳುತ್ತೇನೆ, ಅದು ನನ್ನ ಇಷ್ಟದ ಲೋಕ. ‘ಪ್ರಿಪೇರ್ಡ್ ಪಿಯಾನೋ’ (ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ ಸಜ್ಜುಗೊಳಿಸಿದ ಪಿಯಾನೋ) ಹುಟ್ಟಿದ್ದು ಜಾಗದ ಅಡಚಣೆಯಿಂದ. 1940ರಲ್ಲಿ ಸಿಯಾಟಲ್‌ನ ಕಾರ್ನಿಶ್ ಶಾಲೆಯಲ್ಲಿ ಸಿವಿಲಾ ಫೋರ್ಟ್ ಎಂಬ ನೃತ್ಯಗಾತಿಗೆ ಅಮೆರಿಕದ ಸಂಗೀತಕಾರ ಜಾನ್ ಕೇಜ್ ಸಂಗೀತ ಮಾಡಿಕೊಡಬೇಕಿತ್ತು. ಕೇಜ್ ಅವರಿಗೆ ಬೇಕಿದ್ದುದು ತಾಳವಾದ್ಯಗಳ ಮೇಳ. ರಂಗದಲ್ಲಿ ಒಂದು ಪಿಯಾನೋ ಬಿಟ್ಟರೆ ಬೇರೆಯದಕ್ಕೆ ಜಾಗವಿಲ್ಲ. ಕೇಜ್ ತಂತಿಗಳ ಮೇಲೆ ತಗಡಿನ ತಟ್ಟೆ ಇಟ್ಟು ನೋಡಿದರು, ಕುಣಿದು ಬಿತ್ತು. ಮೊಳೆ ಸಿಕ್ಕಿಸಿದರು, ಜಾರಿತು. ಸ್ಕ್ರೂ ಹಾಕಿದರು, ನಿಂತಿತು: ಅದರ ಸುರುಳಿ ಗೀರುಗಳು ತಂತಿಯನ್ನು ಹಿಡಿದುಕೊಂಡವು. ಅಲ್ಲಿಂದ ‘ಬಕನಾಲ್’ ಬಂತು, ಮುಂದೆ 1946ರಿಂದ 48ರ ನಡುವೆ ‘ಸೊನಾಟಾಸ್ ಅಂಡ್ ಇಂಟರ್ಲೂಡ್ಸ್’. ಅದರಲ್ಲಿ 45 ಸ್ವರಗಳಿಗೆ ಬೋಲ್ಟು, ಸ್ಕ್ರೂ, ರಬ್ಬರು, ಪ್ಲಾಸ್ಟಿಕ್ ಸಿಕ್ಕಿಸಬೇಕು. ಯಾವ ಎರಡು ತಂತಿಗಳ ನಡುವೆ, ಡ್ಯಾಂಪರ್‌ನಿಂದ ಎಷ್ಟು ಅಂಗುಲ ದೂರದಲ್ಲಿ ಎಂಬ ಪಟ್ಟಿ ಸ್ವರಲಿಪಿಯ ಮೊದಲಲ್ಲೇ ಇದೆ. ‘ಏನೋ ಒಂದು ತುರುಕುತ್ತಾರೆ’ ಎನ್ನುವವರು ಆ ಪಟ್ಟಿ ನೋಡಬೇಕು.

ಒಂದೇ ಒಂದು ಸ್ವರವನ್ನು ಹತ್ತಿರದಿಂದ ನೋಡೋಣ. ಪಿಯಾನೋದ ಮಧ್ಯಭಾಗದಲ್ಲಿ ಒಂದು ಸ್ವರಕ್ಕೆ ಮೂರು ತಂತಿ. ಎರಡನೆಯ, ಮೂರನೆಯ ತಂತಿಗಳ ನಡುವೆ ಬೋಲ್ಟು ಹಾಕಿ, ಮೊದಲನೆಯದನ್ನು ಖಾಲಿ ಬಿಡುತ್ತೀರಿ. ಈಗ ಕೀ ಒತ್ತಿದರೆ ಎರಡು ದನಿ ಒಟ್ಟಿಗೆ ಬರುತ್ತವೆ: ಮೊದಲ ತಂತಿಯಿಂದ ನಿಜವಾದ ಸ್ವರ, ಉಳಿದೆರಡರಿಂದ ಗಂಟೆಗೂ ಜಾಗಟೆಗೂ ನಡುವಿನದೊಂದು ನಾದ. ಆಮೇಲೆ ಎಡಗಡೆ ಪೆಡಲ್ ಒತ್ತಿ. ಸುತ್ತಿಗೆಗಳ ಸಾಲು ತುಸು ಬಲಕ್ಕೆ ಸರಿಯುತ್ತದೆ, ಮೊದಲ ತಂತಿ ತಪ್ಪಿಹೋಗುತ್ತದೆ. ನಿಜವಾದ ಸ್ವರ ಮಾಯವಾಗಿ ಬರೀ ಜಾಗಟೆ ಉಳಿಯುತ್ತದೆ. ಒಂದೇ ಕೀ, ಒಂದೇ ಬೆರಳು, ಪೆಡಲಿನಿಂದ ಎರಡು ವಾದ್ಯ. ಕೇಜ್ ಇದನ್ನು ತಿಳಿದೇ ಬರೆದಿದ್ದಾರೆ. ಮೊದಲ ಸಲ ಕೇಳಿದಾಗ ನಾನು ಅದೊಂದೇ ಕೀಯನ್ನು ಒತ್ತುತ್ತಾ ಕೂತುಬಿಟ್ಟಿದ್ದೆ.

ಮಾಡಿ ನೋಡುವವರಿಗೆ: ಬಲಗಡೆ ಪೆಡಲ್ ಒತ್ತಿ ಡ್ಯಾಂಪರ್‌ಗಳನ್ನು ಎತ್ತಿಕೊಂಡೇ ಬೋಲ್ಟು ಹಾಕಿ, ತೆಗೆಯುವಾಗಲೂ ಹಾಗೆಯೇ. ತಂತಿಗಳ ನಡುವಿನ ಸಂದಿಗಿಂತ ತೀರಾ ದಪ್ಪದ್ದನ್ನು ಒತ್ತಿ ತುರುಕಬೇಡಿ. ಪಿಯಾನೋ ನಿಮ್ಮದಲ್ಲವಾದರೆ ಮೊದಲು ಕೇಳಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕೇಜ್‌ಗಿಂತ ಮೊದಲೇ ಫ್ರಾನ್ಸಿನ ಮೋರಿಸ್ ದೆಲಾಜ್ ‘ರಾಗಮಾಲಿಕಾ’ ಎಂಬ ಹೆಸರಿನಲ್ಲಿ, ಭಾರತೀಯ ಸಂಗೀತದಿಂದ ಪ್ರೇರಿತವಾದ ಒಂದು ಹಾಡು ಬರೆದಿದ್ದರು. ಅದರ ಪಿಯಾನೋ ಭಾಗದಲ್ಲಿ ಒಂದು ಸ್ವರದ ತಂತಿಗಳ ಅಡಿ ರಟ್ಟಿನ ತುಂಡು ಇಡಬೇಕು. ದನಿ ಅಡಗಿ, ನಮ್ಮ ಚರ್ಮವಾದ್ಯದ ಪೆಟ್ಟಿನ ಹಾಗೆ ಕೇಳಬೇಕು ಎಂಬುದು ಅವರ ಆಸೆ.

ಕೇಳುಗ:
ನನಗೆ ನುಡಿಸಲು ಬರುವುದಿಲ್ಲ, ಕೇಳುವುದಷ್ಟೇ. ‘ಸೊನಾಟಾಸ್ ಅಂಡ್ ಇಂಟರ್ಲೂಡ್ಸ್’ ಕೂಡಲೇ ಹಿಡಿಸಿತು. ಕೌವೆಲ್ ಅವರ ಗುಚ್ಛಸ್ವರಗಳು (ಅಕ್ಕಪಕ್ಕದ ಹಲವು ಕೀಗಳನ್ನು ಒಟ್ಟಿಗೆ ಒತ್ತಿದಾಗ ಬರುವ ದನಿ) ಮಾತ್ರ ತಲೆನೋವು ತರಿಸಿದವು. 1923ರಲ್ಲಿ ಲೈಪ್‌ಜಿಗ್‌ನಲ್ಲಿ ಅವರ ಕಚೇರಿಯ ಹೊತ್ತಿಗೆ ಸಭಿಕರ ನಡುವೆ ಹೊಡೆದಾಟವೇ ನಡೆಯಿತು ಎಂದು ಓದಿದ್ದೆ, ಈಗ ಆಶ್ಚರ್ಯವಿಲ್ಲ. ಎಲ್ಲಿಂದ ಶುರುಮಾಡಬೇಕಿತ್ತು?

ಪುಟತಿರುವು:
‘ದ ಟೈಡ್ಸ್ ಆಫ್ ಮನೌನಾನ್’ನಿಂದ ಶುರುಮಾಡಿ. ಎಡ ಮುಂಗೈ ತಳದಲ್ಲಿ ಅಲೆಗಳ ಹಾಗೆ ಏಳುತ್ತದೆ, ಬಲಗೈಯಲ್ಲಿ ಯಾರು ಬೇಕಾದರೂ ಗುನುಗಬಹುದಾದ ರಾಗ. ರಾಗವನ್ನು ಹಿಡಿದುಕೊಂಡರೆ ಗುಚ್ಛಸ್ವರ ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ. ಆ ಹೊಡೆದಾಟದ ಕಾಲದಲ್ಲೇ ಹಂಗೇರಿಯ ಸಂಗೀತಕಾರ ಬಾರ್ಟೋಕ್ ಈ ಗುಚ್ಛಸ್ವರಗಳನ್ನು ತಾವೂ ಬಳಸಬಹುದೇ ಎಂದು ಕೌವೆಲ್ ಅವರ ಅನುಮತಿ ಕೇಳಿದ್ದರು. ಸಭಿಕರಿಗೆ ಗದ್ದಲವೆನಿಸಿದ್ದು ಬಾರ್ಟೋಕ್ ಅವರಿಗೆ ಕೇಳಿ ಪಡೆಯಬೇಕಾದ ವಸ್ತುವಾಗಿ ಕಂಡಿತ್ತು.

ಅದೂ ಹಿಡಿಸದಿದ್ದರೆ ಬಿಟ್ಟುಬಿಡಿ. ಎಲ್ಲವೂ ಎಲ್ಲರಿಗೂ ಹಿಡಿಸಬೇಕೆಂದಿಲ್ಲ.

ಮೊದಲಪಾಠ:
ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳಾಗಿ ನನ್ನದೊಂದು ಮಾತು. ಬೆರಳು ಬಾಗಿಸಿ ಇಡು, ಬೆನ್ನು ನೆಟ್ಟಗಿರಲಿ ಎಂದು ನಾನೂ ಹೇಳುತ್ತೇನೆ, ಹೇಳಲೇಬೇಕು. ಆದರೆ ಹೊರೊವಿಟ್ಜ್ ಬೆರಳು ಚಪ್ಪಟೆ ಮಾಡಿ ನುಡಿಸುತ್ತಿದ್ದರು. ಗ್ಲೆನ್ ಗೂಲ್ಡ್ ತಂದೆ ಮಾಡಿಕೊಟ್ಟ ಕುರ್ಚಿಯಲ್ಲಿ, ನೆಲದಿಂದ ಬರೀ 14 ಅಂಗುಲ ಎತ್ತರದಲ್ಲಿ, ಗಲ್ಲ ಕೀಗಳಿಗೆ ತಾಗುವಷ್ಟು ಬಾಗಿ ಕೂತು, ಗುನುಗಿಕೊಂಡು ನುಡಿಸುತ್ತಿದ್ದರು. ಆ ಗುನುಗು ಧ್ವನಿಮುದ್ರಿಕೆಗಳಲ್ಲೂ ಕೇಳುತ್ತದೆ. ಹಾಗಾಗಿ ಮಕ್ಕಳಿಗೆ ‘ಇದೊಂದೇ ಸರಿ’ ಎನ್ನುವುದಿಲ್ಲ. ‘ಇದರಿಂದ ಕೈ ನೋಯುವುದಿಲ್ಲ, ಅದಕ್ಕೆ ಇಲ್ಲಿಂದ ಶುರುಮಾಡೋಣ’ ಎನ್ನುತ್ತೇನೆ.

ಬಂದ ಮೊದಲ ದಿನವೇ ಮುಚ್ಚಳ ತೆಗೆದು ಒಳಗೆ ತೋರಿಸುತ್ತೇನೆ. ಮಧ್ಯದ ಸಿ ಕೀಯನ್ನು ಸದ್ದಾಗದಂತೆ ನಿಧಾನಕ್ಕೆ ಒತ್ತಿ ಹಿಡಿಯಲು ಹೇಳಿ, ಅದರ ಕೆಳಗಿನ ಸಪ್ತಕದ ಸಿ ಅನ್ನು ನಾನು ಒಮ್ಮೆ ಚುರುಕಾಗಿ ಬಾರಿಸಿ ಬಿಡುತ್ತೇನೆ. ಮಗು ಹಿಡಿದ ತಂತಿ, ಯಾರೂ ಬಾರಿಸದೆಯೇ ಮೆಲ್ಲಗೆ ಮೊಳಗುತ್ತದೆ. ಡ್ಯಾಂಪರ್ ಎದ್ದಿರುವುದರಿಂದ, ಕೆಳಗಿನ ತಂತಿಯೊಳಗಿನ ಅದೇ ಸ್ವರದ ಕಂಪನಕ್ಕೆ ಅದು ಓಗೊಡುತ್ತದೆ. ಶೋನ್‌ಬರ್ಗ್ 1909ರಲ್ಲೇ ಇದನ್ನು ತಮ್ಮ ಹನ್ನೊಂದನೆಯ ಓಪಸ್‌ನ ಮೊದಲ ಪಿಯಾನೋ ತುಣುಕಿನಲ್ಲಿ ಬಳಸಿದ್ದಾರೆ. ಮಗುವಿನ ಕಣ್ಣು ಅರಳುವುದನ್ನು ನೀವು ನೋಡಬೇಕು. ‘ಇನ್ನೊಮ್ಮೆ’ ಎನ್ನದ ಮಗುವನ್ನು ನಾನು ಈವರೆಗೆ ಕಂಡಿಲ್ಲ. ಆಮೇಲೆ ಕೀ ನಿಧಾನಕ್ಕೆ ಒತ್ತುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಹಳೆಪಾಠ:
ಮೊದಲಪಾಠ ಅವರೇ, ಇದನ್ನು ಈಗಷ್ಟೇ ಮಾಡಿ ನೋಡಿದೆ. ಇಷ್ಟು ವರ್ಷ ನುಡಿಸಿದ ವಾದ್ಯದೊಳಗೆ ಇದು ಇತ್ತು! ಮಧ್ಯದ ಸಿ ಬದಲು ಅದರ ಮೇಲಿನ ಜಿ ಹಿಡಿದರೂ ಅದೇ ಕೆಳಗಿನ ಸಿ ಗೆ ಓಗೊಡುತ್ತದೆ, ತುಸು ಕ್ಷೀಣವಾಗಿ.

ಬೆಂಕಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಒಳಗೆ ಕೈ ಹಾಕುವವರೆಲ್ಲ ವಾದ್ಯ ಪ್ರೀತಿಸದವರು ಎಂಬ ಮಾತನ್ನು ಇನ್ನು ಆಡುವುದಿಲ್ಲ. ಕೌವೆಲ್ ಅವರ ‘ಇಯೋಲಿಯನ್ ಹಾರ್ಪ್’ ಕೂಡ ಹೀಗೆಯೇ, ಒಂದು ಕೈ ಕೀಗಳನ್ನು ಸದ್ದಿಲ್ಲದೆ ಒತ್ತಿ ಹಿಡಿದು ಇನ್ನೊಂದು ಕೈ ತಂತಿ ಮೀಟುತ್ತದೆ ಎಂದು ಕೇಳಿದ್ದೇನೆ. ನನ್ನದು ಅಪ್‌ರೈಟ್ ಪಿಯಾನೋ, ತಂತಿಗಳು ನೆಟ್ಟಗೆ ನಿಂತಿರುವಂಥದ್ದು. ಅದರಲ್ಲಿ ಸಾಧ್ಯವೇ?

ಶ್ರುತಿಕೀಲಿ:
ಪೂರ್ತಿ ಆಗದು, ರುಚಿ ನೋಡಬಹುದು. ಮೇಲಿನ ಮುಚ್ಚಳ ತೆರೆದು, ಮುಂದಿನ ಹಲಗೆ ಕಳಚಿ. ಒಳಗೆ ಎರಡೂ ಬದಿಗೆ ಸಣ್ಣ ಚಿಲಕ ಇರುತ್ತದೆ, ತಿರುಗಿಸಿದರೆ ಹಲಗೆ ಬಿಟ್ಟುಕೊಳ್ಳುತ್ತದೆ. ಹೊರಗೆ ಎಳೆಯುವಾಗ ಎರಡು ಕೈ ಬಳಸಿ, ಭಾರ ಇರುತ್ತದೆ. ಸುತ್ತಿಗೆಗಳ ಮೇಲ್ಗಡೆ ಒಂದು ಗೇಣಿಗೂ ಕಡಿಮೆ ತಂತಿ ಕಾಣುತ್ತದೆ, ಅಷ್ಟರಲ್ಲೇ ಮೀಟಬೇಕು. ಎಡಗೈಯಿಂದ ಒಂದು ಸ್ವರಮೇಳ ಸದ್ದಿಲ್ಲದೆ ಒತ್ತಿ ಹಿಡಿದು, ಬಲಗೈ ಬೆರಳ ಮೆದು ಭಾಗದಿಂದ ಆ ತಂತಿಗಳ ಮೇಲೆ ಅಡ್ಡಕ್ಕೆ ಸವರಿ. ಉಗುರು ಬೇಡ, ಸುತ್ತಿಗೆಯ ಫೆಲ್ಟ್‌ಗೆ ಬೆರಳು ತಾಗುವುದೂ ಬೇಡ. ಡ್ಯಾಂಪರ್‌ಗಳು ಅಪ್‌ರೈಟ್‌ನಲ್ಲಿ ಸುತ್ತಿಗೆಗಳ ಹಿಂದೆ, ಕೆಳಗಡೆ ಇರುತ್ತವೆ. ಆದ್ದರಿಂದ ನಾನು ಮೊದಲು ಹೆದರಿಸಿದ ತೊಂದರೆ ಇಲ್ಲಿ ಕಡಿಮೆ.

ಮುಗಿದ ಮೇಲೆ ತಂತಿ ಒರೆಸಿ. ಹಲಗೆ ಮತ್ತೆ ಕೂರಿಸುವಾಗ ಕೆಳಗಿನ ಗೂಟಗಳು ತೂತಿಗೆ ಸರಿಯಾಗಿ ಇಳಿದಿವೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ನುಡಿಸುವಾಗ ಗಿಜಿಗಿಜಿ ಸದ್ದು ಬರುತ್ತದೆ.

ಹಳೆಪಾಠ:
ಚಿಲಕ ಸಿಕ್ಕಿತು. ಇಂದು ಸಂಜೆ ಮಾಡುತ್ತೇನೆ. ಮಂದ್ರ ಅವರೇ, ನಿಮ್ಮ ಗುಂಪಿನ ಇನ್ನರ್ಧ ಜನಕ್ಕೂ ಮಧ್ಯದ ಸಿ ಪ್ರಯೋಗ ತೋರಿಸಿ, ಏನೆಂದರು ಎಂದು ಇಲ್ಲಿ ಬರೆಯಿರಿ.